ಹಾಜರಿ ಬೋನಸ್ ಕೊಡಲೇಬೇಡಿ: ದಾವಣಗೆರೆಯ ನನ್ನ ಹೊಲಿಗೆ ಯೂನಿಟ್‌ನಲ್ಲಿ ಆದದ್ದು

ಚಿತ್ರದುರ್ಗದಲ್ಲಿ ಹದಿನೆಂಟು ಜನರ ಆಫೀಸು, 2021ರ ಕೊರೊನಾ ಲಾಕ್‌ಡೌನ್ ಮುಗಿದ ಮೇಲೆ ತೆರೆಯಬೇಕು, ಸಿಬ್ಬಂದಿ ಬರೋಕೆ ಹೆದರುತ್ತಿದ್ದಾರೆ ಅಂತ ಬರೆದಿದ್ದೀರಿ. ಯಾವ ಟೆಂಪರೇಚರ್ ಗನ್ ತಗೊಳ್ಳಲಿ, ಬಾಗಿಲಲ್ಲಿ ಔಷಧಿ ಸಿಂಪಡಿಸುವ ಟನಲ್ ಹಾಕಿಸಲಾ, ತಪ್ಪದೆ ಬರುವವರಿಗೆ ಬೋನಸ್ ಕೊಡಲಾ ಅಂತ ಕೇಳಿದ್ದೀರಿ. ಆ ಬೋನಸ್ಸಿನ ಮಾತು ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ಹೋದ ವರ್ಷ, 2020ರಲ್ಲಿ, ನಾನು ಮಾಡಿದ್ದು ಅದನ್ನೇ.

ದಾವಣಗೆರೆಯಲ್ಲಿ ನನ್ನದೊಂದು ಹೊಲಿಗೆ ಯೂನಿಟ್ ಇದೆ. ಇಪ್ಪತ್ತೆರಡು ಜನ. 2020ರ ಮಾರ್ಚ್ ಕೊನೆಗೆ ಬಾಗಿಲು ಹಾಕಿ ಜೂನ್‌ನಲ್ಲಿ ತೆರೆದೆ. ಶಾಲೆಗಳಿಲ್ಲದೆ ಯೂನಿಫಾರ್ಮ್ ಆರ್ಡರ್ ಪೂರ್ತಿ ಹೋಗಿತ್ತು. ಸಿಕ್ಕಿದ್ದು ನೈಟಿ ಮತ್ತು ಬಟ್ಟೆ ಮಾಸ್ಕ್, ಅದೂ ಹೇಳಿದ ದಿನಕ್ಕೆ ಕೊಡಬೇಕು. ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದ ಆರು ಜನ ಬರಲಿಲ್ಲ. ಊರಿನವರಲ್ಲೂ ಕೆಲವರು ಇವತ್ತು ಬಂದರೆ ನಾಳೆ ಇಲ್ಲ.

ನಾನು ಎಲ್ಲ ಮಾಡಿದೆ ಅಂದುಕೊಂಡಿದ್ದೆ. ಗನ್ ತಂದೆ. ಕಾಲಲ್ಲಿ ಒತ್ತುವ ಸ್ಯಾನಿಟೈಸರ್ ಸ್ಟ್ಯಾಂಡ್ ತಂದೆ. ದೂರ ದೂರ ನಿಲ್ಲೋಕೆ ನೆಲದ ಮೇಲೆ ಬಣ್ಣದಲ್ಲಿ ವೃತ್ತ ಹಾಕಿಸಿದೆ. ಬಂದ ಬಟ್ಟೆ ಬಂಡಲ್ಲಿಗೆಲ್ಲ ಔಷಧಿ ಹೊಡೆಸಿದೆ. ಆಮೇಲೆ ಗೋಡೆಗೆ ಒಂದು ಚೀಟಿ ಅಂಟಿಸಿದೆ: ತಿಂಗಳಲ್ಲಿ ಒಂದೂ ರಜೆ ಹಾಕದವರಿಗೆ 1500 ರೂಪಾಯಿ.

ಈ ಚೀಟಿಯ ಲೆಕ್ಕವನ್ನು ನಿಧಾನವಾಗಿ ನೋಡಿ. ನಾನು ಆಗ ನೋಡಲಿಲ್ಲ. ನಮ್ಮಲ್ಲಿ ದಿನಕ್ಕೆ 350 ಕೂಲಿ ಇತ್ತು. ಒಂದು ದಿನ ಬರದಿದ್ದರೆ 350 ಹೋಗುತ್ತಿತ್ತು, ಅಷ್ಟೇ. ಚೀಟಿ ಅಂಟಿಸಿದ ಮೇಲೆ ಅದೇ ಒಂದು ದಿನಕ್ಕೆ 350 ಹೋಗುತ್ತೆ, ಜೊತೆಗೆ 1500 ಕೂಡ ಹೋಗುತ್ತೆ. ಒಟ್ಟು 1850. ಐದು ದಿನದ ಕೂಲಿಗಿಂತ ಜಾಸ್ತಿ. ತಿಂಗಳ ಎರಡನೇ ತಾರೀಕು ಜ್ವರ ಬಂದರೆ ಹೋಗಲಿ ಬಿಡು ಅನ್ನಬಹುದು. ಇಪ್ಪತ್ನಾಲ್ಕಕ್ಕೆ ಬಂದರೆ? ಮೂರು ವಾರ ದುಡಿದು ಕೂಡಿಸಿದ್ದನ್ನು ಯಾರು ಬಿಡುತ್ತಾರೆ? ಧೈರ್ಯವಾಗಿ ಬನ್ನಿ ಅನ್ನೋಕೆ ನಾನು ಆ ಚೀಟಿ ಬರೆದದ್ದು. ಓದಿದವರಿಗೆ ಮಾತ್ರ ಅದು ಹುಷಾರಿಲ್ಲದಿದ್ದರೂ ಬನ್ನಿ ಅಂತ ಕೇಳಿಸಿತು. ತಪ್ಪು ಅವರದಲ್ಲ. ಬರೆದದ್ದೇ ಹಾಗಿತ್ತು.

ಇಸ್ತ್ರಿ ಮಾಡುವ ಅಕ್ಕನಿಗೆ ಜುಲೈ 24ರ ಬೆಳಿಗ್ಗೆ ಮೈ ಬಿಸಿಯಾಗಿತ್ತು. ಜ್ವರದ ಮಾತ್ರೆ ನುಂಗಿ ಬಂದರು. ಬಾಗಿಲಲ್ಲಿ ಗನ್ ಹಿಡಿದೆ, 97.8 ತೋರಿಸಿತು. ನಾನೇ "ಹೋಗಕ್ಕಾ" ಅಂದೆ. ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ಅವರಿಗೆ ಎದ್ದು ನಿಲ್ಲೋಕೆ ಆಗಲಿಲ್ಲ.

ಆಮೇಲೆ ಪರೀಕ್ಷೆ ಮಾಡಿಸಿದಾಗ ಇನ್ನೂ ಏಳು ಜನರಿಗೆ ಪಾಸಿಟಿವ್. ಅವರಲ್ಲಿ ಒಬ್ಬರು ನಮ್ಮ ಕಟಿಂಗ್ ಮಾಸ್ಟರ್. 58 ವರ್ಷ, ಶುಗರ್ ಬೇರೆ. ನಮ್ಮಪ್ಪನ ಕಾಲದಿಂದ ಇದ್ದವರು, ನನಗೆ ಕತ್ತರಿ ಹಿಡಿಯೋದು ಕಲಿಸಿದವರು. ಆಕ್ಸಿಜನ್ 86ಕ್ಕೆ ಇಳಿದು ಹದಿನಾರು ದಿನ ಆಸ್ಪತ್ರೆಯಲ್ಲಿದ್ದರು. ಉಳಿದರು. ಆದರೆ ಹತ್ತು ನಿಮಿಷ ಮೇಜಿನ ಮುಂದೆ ನಿಂತರೆ ಏದುಸಿರು ಬರುತ್ತೆ. ಕತ್ತರಿ ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಲಿಲ್ಲ.

ಅಕ್ಕ ಹುಷಾರಾದ ಮೇಲೆ ಅವರ ಮನೆಗೆ ಹೋದೆ. ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ನಿಂತು ಅತ್ತರು. "ಅಣ್ಣಾ, ಇವರ ಆಟೋ ನಿಂತು ನಾಕು ತಿಂಗ್ಳಾಗಿತ್ತು. ಆ ಸಾವಿರದ ಐನೂರು ಬಾಡಿಗೆಗೆ ಅಂತ ಲೆಕ್ಕ ಹಾಕಿದ್ದೆ" ಅಂದರು. ನನಗೆ ಮಾತು ಹೊರಡಲಿಲ್ಲ. ವಾಪಸ್ ಬಂದು ಮೊದಲು ಆ ಚೀಟಿ ಕಿತ್ತೆ.

ಆದ್ದರಿಂದ ಯಾವ ಗನ್ ಅನ್ನೋ ಪ್ರಶ್ನೆಯನ್ನೇ ಬಿಡಿ. ಮಾತ್ರೆ ನುಂಗಿದವರ ಜ್ವರ ಅದಕ್ಕೆ ಕಾಣಲ್ಲ. ಲಕ್ಷಣ ಶುರುವಾಗುವ ಎರಡು ದಿನ ಮೊದಲೇ ಒಬ್ಬರಿಂದ ಇನ್ನೊಬ್ಬರಿಗೆ ಹರಡಬಹುದು, ಅದೂ ಕಾಣಲ್ಲ. ಟನಲ್ ಅಂತೂ ಬೇಡವೇ ಬೇಡ. ಮನುಷ್ಯರ ಮೈಮೇಲೆ ಔಷಧಿ ಸಿಂಪಡಿಸಬೇಡಿ ಅಂತ ಕೇಂದ್ರ ಆರೋಗ್ಯ ಇಲಾಖೆ 2020ರ ಏಪ್ರಿಲ್‌ನಲ್ಲೇ ಹೇಳಿದೆ.

ನಮ್ಮಲ್ಲಿ ಹರಡಿದ್ದು ಗಾಳಿಯಿಂದ ಅಂತ ನನಗೆ ಈಗ ಅನುಮಾನವೇ ಇಲ್ಲ. ಬಟ್ಟೆಗೆ ರಸ್ತೆ ಧೂಳು ಕೂರುತ್ತೆ ಅಂತ ಕಿಟಕಿ ಮುಚ್ಚಿಸಿದ್ದೆ. ಮಧ್ಯಾಹ್ನ ಹಿಂದಿನ ಸಣ್ಣ ರೂಮಿನಲ್ಲಿ ಎಲ್ಲರೂ ಮಾಸ್ಕ್ ತೆಗೆದು ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದರು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತರಿಸಿದರೆ ಒಂದೇ ಪೇಪರ್ ಹಾಸಿ ಸುತ್ತ ಕೂರೋದು. ದಾವಣಗೆರೆಯವರಿಗೆ ಇದು ಬೇಡ ಅನ್ನೋದು ಕಷ್ಟ, ನಿಮಗೂ ಗೊತ್ತಲ್ವಾ. ಮಷಿನ್ ಮುಂದೆ ಆರು ಅಡಿ ದೂರ ಕೂರಿಸಿ, ಊಟಕ್ಕೆ ಮೊಣಕೈ ತಾಗುವಷ್ಟು ಹತ್ತಿರ ಕೂರಿಸಿದ್ದೆ.

ಈ ಸಲ ಎಲ್ಲ ಬೇರೆ. 2021ರ ಜೂನ್ 14ರಂದು ಬೇರೆ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಾಗ ದಾವಣಗೆರೆಗೆ ಸಿಗಲಿಲ್ಲ. ಆ ಸಮಯದಲ್ಲಿ ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಕಿಟಕಿ ತೆಗೆದು ಸೊಳ್ಳೆ ಪರದೆ ಬಡಿಸಿದೆ, ಧೂಳು ಸ್ವಲ್ಪ ತಡೆಯುತ್ತೆ. ಊಟ ಮೂರು ಸರದಿಯಲ್ಲಿ, ಹೊರಗೆ ಬೇವಿನ ಮರದ ಕೆಳಗೆ. ಮಂಡಕ್ಕಿ ಒಬ್ಬೊಬ್ಬರಿಗೆ ಒಂದು ಪೊಟ್ಟಣ.

ಮುಖ್ಯವಾದದ್ದು ರಜೆ. ಮೈ ಬಿಸಿ, ಕೆಮ್ಮು, ಗಂಟಲು ನೋವು, ವಾಸನೆ ಗೊತ್ತಾಗದಿರುವುದು, ಏನೇ ಇದ್ದರೂ ಫೋನ್ ಮಾಡಿ ಮನೆಯಲ್ಲೇ ಇರಬೇಕು. ಮೊದಲ ಮೂರು ದಿನದ ಕೂಲಿ ಪೂರ್ತಿ ಕೊಡುತ್ತೇನೆ, ಸರ್ಟಿಫಿಕೇಟ್ ಕೇಳಲ್ಲ. ಪಾಸಿಟಿವ್ ಬಂದರೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ ಇದೆ. ಹತ್ತು ಜನಕ್ಕಿಂತ ಜಾಸ್ತಿ ಇರುವ ನಿಮ್ಮ ಆಫೀಸಿಗೂ ಅದು ಅನ್ವಯಿಸುತ್ತೆ. 21,000ದೊಳಗೆ ಸಂಬಳ ಇರುವವರಿಗೆ, ಕಂತು ಸರಿಯಾಗಿ ಕಟ್ಟಿದ್ದರೆ, ಕಾಯಿಲೆ ರಜೆಗೆ ಕೂಲಿಯಲ್ಲಿ ನೂರಕ್ಕೆ 70 ಭಾಗ ಸಿಗುತ್ತೆ, ವರ್ಷಕ್ಕೆ 91 ದಿನದವರೆಗೆ. ಉಳಿದ 30 ಭಾಗ ನಾನು ಹಾಕುತ್ತೇನೆ. ಹೋದ ವರ್ಷ ಈ ವಿಷಯ ನನಗೂ ಗೊತ್ತಿತ್ತು. ಕಾರ್ಮಿಕರಿಗೆ ಕೂರಿಸಿ ಹೇಳಿರಲಿಲ್ಲ. ಲಸಿಕೆ ಹಾಕಿಸಿದ ದಿನಕ್ಕೂ ಮರುದಿನಕ್ಕೂ ಸಂಬಳ ಸಹಿತ ರಜೆ.

ದುರುಪಯೋಗ ಮಾಡಿಕೊಳ್ಳಲ್ವಾ ಅಂತ ನೀವು ಕೇಳಬಹುದು. ಒಬ್ಬಿಬ್ಬರು ಸುಮ್ನೆ ರಜೆ ಹಾಕಿರಬಹುದು, ಹಾಕಲಿ. ಒಬ್ಬರ ಮೂರು ದಿನಕ್ಕೆ 1050 ರೂಪಾಯಿ. ಎಂಟು ಜನ ಮಲಗಿ ಯೂನಿಟ್ ಹದಿನೈದು ದಿನ ಮುಚ್ಚಿದಾಗ ಆರ್ಡರ್ ಕೈ ತಪ್ಪಿ ನನಗೆ ಹೋದದ್ದು ಲಕ್ಷದ ಮೇಲೆ. ಮಾಸ್ಟರ್ ಉಸಿರಿಗೆ ಲೆಕ್ಕ ಹಾಕೋಕೆ ನನಗೆ ಬರಲ್ಲ.

ಗನ್ನಿಗೆ, ಟನಲ್‌ಗೆ, ಬೋನಸ್ಸಿಗೆ ಅಂತ ತೆಗೆದಿಟ್ಟ ದುಡ್ಡನ್ನು ಒಟ್ಟು ಮಾಡಿ ಕಾಯಿಲೆ ರಜೆಗೆ ಇಡಿ. ತೆರೆಯುವ ಹಿಂದಿನ ದಿನ ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ, ಹುಷಾರಿಲ್ಲದಿದ್ದರೆ ಬರಬೇಡಿ, ಸಂಬಳ ಹಿಡಿಯಲ್ಲ ಅಂತ ಹೇಳಿ. ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೆ, ಯಾರಿಗೆ ಶುಗರ್ ಇದೆ ಅಂತ ಆಗಲೇ ಕೇಳಿಕೊಳ್ಳಿ. ಅಂಥವರನ್ನು ಕಿಟಕಿ ಪಕ್ಕ ಕೂರಿಸಿ. ಮನೆಯಿಂದಲೇ ಮಾಡುವ ಕೆಲಸ ಇದ್ದರೆ ಮೊದಲು ಅವರಿಗೇ ಕೊಡಿ.