ಲೇಬಲ್ ಹೇಳಿದ್ದು ಧಾರವಾಡ, ನಾಣ್ಯ ಹೇಳಿದ್ದು ಪಟ್ಟಣ

1913ರ ಐದನೇ ಜಾರ್ಜ್ ರೂಪಾಯಿ, ಸ್ಲ್ಯಾಬ್ (ನಾಣ್ಯದ ಅಸಲಿತನ, ಸ್ಥಿತಿ ಪರೀಕ್ಷಿಸುವ ಗ್ರೇಡಿಂಗ್ ಕಂಪನಿ ಅದನ್ನು ಮುಚ್ಚಿ ಕೊಡುವ ಪ್ಲಾಸ್ಟಿಕ್ ಡಬ್ಬಿ) ಮೇಲಿನ ಲೇಬಲ್‌ನಲ್ಲಿ ಕಲ್ಕತ್ತಾ ಟಂಕಸಾಲೆ ಎಂದಿದೆ, ನಾಣ್ಯ ನೋಡಿದರೆ ಬೊಂಬಾಯಿಯದು, ಮಾರುವವನು ಅದನ್ನೇ ‘ಅಪರೂಪದ ಎರರ್’ ಎಂದು ಇಮ್ಮಡಿ ಬೆಲೆ ಹೇಳುತ್ತಿದ್ದಾನೆ, ಯಾವ ಗ್ರೇಡಿಂಗ್ ಕಂಪನಿಯನ್ನು ನಂಬಬೇಕು ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನನ್ನ ಮೇಜಿನ ಖಾನೆ ನೆನಪಾಯಿತು. ಅದರಲ್ಲಿ ಹದಿನೆಂಟು ಸಾವಿರ ರೂಪಾಯಿಯ ಒಂದು ಪೈಸೆ ಬಿದ್ದಿದೆ.

ನಾನು ಧಾರವಾಡದವನು. ಟಿಪ್ಪು ಸುಲ್ತಾನ ಊರುಗಳಿಗೆಲ್ಲ ಹೊಸ ಹೆಸರಿಟ್ಟಾಗ ನಮ್ಮ ಪಾಲಿಗೆ ಬಂದದ್ದು ಖುರ್ಷಿದ್ ಸವಾದ್. ಆ ಹೆಸರು ಹೊತ್ತ ಆನೆ ಪೈಸೆ ಒಂದಾದರೂ ಮನೆಯಲ್ಲಿರಬೇಕೆಂಬುದು ನನ್ನ ಹಳೆಯ ಹುಚ್ಚು. ಶ್ರೀರಂಗಪಟ್ಟಣದ ಪೈಸೆಗಳು ಯಾವ ನಾಣ್ಯ ಪ್ರದರ್ಶನಕ್ಕೆ ಹೋದರೂ ತಟ್ಟೆಯಲ್ಲಿ ರಾಶಿ ಬಿದ್ದಿರುತ್ತವೆ. ಧಾರವಾಡದ್ದು ಕಣ್ಣಿಗೇ ಬೀಳುವುದಿಲ್ಲ. ಹೀಗಿರುವಾಗ ಒಂದು ರಾತ್ರಿ ಆನ್‌ಲೈನ್‌ನಲ್ಲಿ ಅದು ಕಂಡಿತು: ಅಮೆರಿಕದ ಗ್ರೇಡಿಂಗ್ ಕಂಪನಿಯೊಂದರ ಸ್ಲ್ಯಾಬ್, ಲೇಬಲ್ ಮೇಲೆ ಟಿಪ್ಪುವಿನ ಹೆಸರು, ‘ಹಿಜರಿ 1224, ಖುರ್ಷಿದ್ ಸವಾದ್’. ಆನೆಯ ಚಿತ್ರ ಸ್ಪಷ್ಟವಾಗಿತ್ತು. ಬರಹವಿದ್ದ ಬದಿಯ ಫೋಟೊದಲ್ಲಿ ಟ್ಯೂಬ್‌ಲೈಟಿನ ಬಿಳಿ ಪಟ್ಟಿಯೊಂದು ಪ್ಲಾಸ್ಟಿಕ್ ಮೇಲೆ ಅಡ್ಡ ಮಲಗಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಲೇಬಲ್ ತಪ್ಪಾಗಿದೆ ಎಂದು ನನಗೆ ಗೊತ್ತಾಗಿತ್ತು. ಹೌದು, ಗೊತ್ತಿದ್ದೇ ಕೊಂಡೆ. ಹಿಜರಿ 1224 ಎಂದರೆ ಕ್ರಿ.ಶ. 1809. ಟಿಪ್ಪು ಸತ್ತದ್ದು 1799ರ ಮೇ 4ರಂದು. ಸತ್ತ ಹತ್ತು ವರ್ಷಕ್ಕೆ ನಾಣ್ಯ ಟಂಕಿಸಿದ ಮಹಾರಾಯ ಎಂದು ಒಬ್ಬನೇ ಕುಳಿತು ನಕ್ಕೆ. ಆಳ್ವಿಕೆಯ ಮೊದಲ ಕೆಲವು ವರ್ಷ ಅವನ ನಾಣ್ಯಗಳಲ್ಲಿ ಇದ್ದದ್ದು ಹಿಜರಿ ಶಕೆ. 1787ರ ಹೊತ್ತಿಗೆ ಅವನು ಮೌಲೂದಿ ಎಂಬ ತನ್ನದೇ ಶಕೆ ತಂದ. ನಾಣ್ಯದ ಮೇಲಿನ ವರ್ಷ ಒಮ್ಮೆಲೇ 1215ಕ್ಕೆ ನೆಗೆಯಿತು. ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ, ಹಾಗಾಗಿ 1224 ಎಂಬುದು ನಮ್ಮ ಕಣ್ಣಿಗೆ 4221 ಎಂದು ಕಾಣುತ್ತದೆ. ಲೇಬಲ್ ಬರೆದವನಿಗೆ ಇದು ತಿಳಿಯದು, ನನಗೆ ತಿಳಿದಿದೆ. ಆ ಹೆಮ್ಮೆಯಲ್ಲಿ ಅಲ್ಲಿಗೇ ನಿಂತುಬಿಟ್ಟೆ. ಇನ್ನೊಂದೇ ಹೆಜ್ಜೆ ಇಡಬೇಕಿತ್ತು. ಮೌಲೂದಿ ವರ್ಷಕ್ಕೆ 572 ಕೂಡಿಸಿದರೆ ಇಸವಿ ಬರುತ್ತದೆ. 1224 ಎಂದರೆ 1796. ಧಾರವಾಡದ ಕೋಟೆ ತಿಂಗಳುಗಟ್ಟಲೆ ಮುತ್ತಿಗೆ ತಡೆದುಕೊಂಡು 1791ರಲ್ಲಿ ಮರಾಠರ ಕೈಸೇರಿತ್ತು. ಕೈತಪ್ಪಿಹೋದ ಊರಲ್ಲಿ ಐದು ವರ್ಷದ ಮೇಲೆ ಅವನು ಪೈಸೆ ಹೊಡೆಸುವುದು ಹೇಗೆ? ಆ ಕೋಟೆಯ ಅಳಿದುಳಿದ ಬಾಗಿಲಿನ ಮುಂದೆ ಸೈಕಲ್ ತುಳಿದು ಬೆಳೆದವನಿಗೆ ಇದು ಹೊಳೆಯಲಿಲ್ಲ. ಒಂದು ಸಾಲಿನಲ್ಲಿ ಶಕೆಯನ್ನೇ ತಪ್ಪು ಬರೆದ ಕೈ, ಪಕ್ಕದಲ್ಲಿ ಟಂಕಸಾಲೆಯನ್ನು ಮಾತ್ರ ಸರಿಯಾಗಿ ಬರೆದಿರುತ್ತದೆ ಎಂದು ನಂಬಿದೆ. ಏಕೆಂದರೆ ಆ ಸಾಲು ನನಗೆ ಬೇಕಾಗಿತ್ತು.

ಪೊಟ್ಟಣ ಬಂತು. ಭೂತಗನ್ನಡಿ ಹಿಡಿದೆ. ಖುರ್ಷಿದ್ ಸವಾದ್ ಎಂದು ಬರೆಯಲು ಫಾರಸಿಯಲ್ಲಿ ಹತ್ತು ಅಕ್ಷರ ಬೇಕು. ಇಲ್ಲಿ ಊರಿನ ಹೆಸರು ಇದ್ದದ್ದೇ ಮೂರಕ್ಷರ: ಪೆ, ತೆ, ನೂನ್. ಪಟನ್, ಅಂದರೆ ಶ್ರೀರಂಗಪಟ್ಟಣ. ತಟ್ಟೆಯಲ್ಲಿ ರಾಶಿ ಬಿದ್ದಿರುತ್ತದಲ್ಲ, ಅದೇ.

ಮಾರಿದವನು ‘ಲೇಬಲ್ ನಾನು ಬರೆದದ್ದಲ್ಲ’ ಎಂದ. ಕಂಪನಿ ಮರ್ಯಾದೆಯಿಂದ ಉತ್ತರಿಸಿತು: ಇದು ಬರವಣಿಗೆಯ ದೋಷ, ಗ್ಯಾರಂಟಿಗೆ ಒಳಪಡುವುದಿಲ್ಲ, ನಾಣ್ಯ ಕಳುಹಿಸಿದರೆ ಲೇಬಲ್ ಬದಲಿಸಿಕೊಡುತ್ತೇವೆ. ಕಳುಹಿಸುವುದೆಲ್ಲಿಗೆ? ಅಮೆರಿಕಕ್ಕೆ. ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತುವೇ. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ಅಲ್ಲಿಗೆ ಆ ಬಾಗಿಲೂ ಮುಚ್ಚಿತು. ನಿಮ್ಮ 1913ರ ರೂಪಾಯಿಗೂ ನೂರು ದಾಟಿದೆ, ‘ಆಮೇಲೆ ಸರಿಪಡಿಸಿಕೊಳ್ಳಬಹುದು’ ಎಂಬ ಲೆಕ್ಕ ಇದ್ದರೆ ಬಿಟ್ಟುಬಿಡಿ.

ಹಾಗಾಗಿ ಯಾವ ಕಂಪನಿಯನ್ನು ನಂಬಬೇಕು ಎಂಬ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಅಸಲಿ, ನಕಲಿ, ಸವಕಳಿ ಎಷ್ಟು ಎಂಬುದಕ್ಕೆ ಕಂಪನಿ ಇರಲಿ. ಊರು, ವರ್ಷ ನೀವೇ ಓದಬೇಕು, ಅದು ನಾಣ್ಯದ ಮೇಲೆಯೇ ಇರುತ್ತದೆ. ನಿಮ್ಮದರಲ್ಲಂತೂ ಫಾರಸಿ ಲಿಪಿಯ ಗೋಳೂ ಇಲ್ಲ: ಹಿಂಬದಿಯ ಕೆಳಗಿನ ಕಮಲದ ಅಡಿಯಲ್ಲಿ ಸಣ್ಣ ಉಬ್ಬು ಚುಕ್ಕೆ ಇದ್ದರೆ ಬೊಂಬಾಯಿ, ಇಲ್ಲದಿದ್ದರೆ ಕಲ್ಕತ್ತಾ. ಇನ್ನು ‘ಎರರ್’ ಎಂಬ ಮಾತು. ಅಚ್ಚು ಜಾರಿದರೆ, ಬಿಲ್ಲೆ ತಪ್ಪಿದರೆ ಅದು ಟಂಕಸಾಲೆಯ ಎರರ್, ಅದಕ್ಕೆ ಬೆಲೆಯಿದೆ. ಪ್ರಿಂಟರ್ ಕಕ್ಕಿದ ಚೀಟಿಯ ತಪ್ಪಿಗೆ ದುಡ್ಡು ಕೊಡುವುದು ಮದುವೆ ಕರೆಯೋಲೆಯಲ್ಲಿ ವರನ ಹೆಸರು ತಪ್ಪಾಗಿದೆ ಎಂದು ಹೆಚ್ಚು ಉಡುಗೊರೆ ಕೊಟ್ಟಂತೆ. ಎರಡೂ ಟಂಕಸಾಲೆಯ 1913ರ ರೂಪಾಯಿ ಧಾರಾಳವಾಗಿ ಸಿಗುತ್ತದೆ. 11.66 ಗ್ರಾಂ ತೂಕ, ಅದರಲ್ಲಿ ಶೇಕಡಾ 91.7ರಷ್ಟು ಬೆಳ್ಳಿ. ಗ್ರೇಡ್‌ಗೆ ತಕ್ಕ ಬೆಲೆಗೆ ಒಪ್ಪಿದರೆ ಕೊಳ್ಳಿ, ಚೀಟಿಗೆ ಒಂದು ರೂಪಾಯಿಯನ್ನೂ ಸೇರಿಸಬೇಡಿ.

ಕಳೆದ ದೀಪಾವಳಿಗೆ ಒಬ್ಬರು ಫೋನ್ ಮಾಡಿ ನನ್ನ ಪೈಸೆ ಕೇಳಿದರು. ಅದು ಪಟ್ಟಣದ್ದು, ಲೇಬಲ್ ತಪ್ಪು ಎಂದು ಬಿಡಿಸಿ ಹೇಳಿದೆ. ‘ಲೇಬಲ್ ಮೇಲೆ ಧಾರವಾಡ ಅಂತಲೇ ಇದೆಯಲ್ಲ ಸಾರ್, ಸಾಕು, ಇಪ್ಪತ್ತಕ್ಕೆ ಕೊಡಿ’ ಎಂದರು. ಆಗಿನಿಂದ ಖಾನೆಗೆ ಬೀಗ ಹಾಕಿದ್ದೇನೆ.