ನೆಗಡಿ ವೈರಸ್ ಸಲೀಸಾಗಿ ಒಳಗೆ ಹೋಗುತ್ತದೆ, ಜೀನ್ ಹೊತ್ತ ವೈರಸ್ ಯಾಕೆ ಹೋಗುವುದಿಲ್ಲ?

ನೆಗಡಿ ವೈರಸ್ ಒಂದೇ ಉಸಿರಿಗೆ ಒಳಗೆ ಹೋಗುತ್ತದೆ, ಹಾಗಿದ್ದ ಮೇಲೆ ಸಿಸ್ಟಿಕ್ ಫೈಬ್ರೋಸಿಸ್ (ಒಂದು ಜೀನ್ ಕೆಟ್ಟು ಶ್ವಾಸಕೋಶದಲ್ಲಿ ಗಟ್ಟಿ ಲೋಳೆ ಕಟ್ಟುವ ಹುಟ್ಟು ಕಾಯಿಲೆ) ಇರುವವರಿಗೂ ಸರಿಯಾದ ಜೀನನ್ನು ವೈರಸ್ಸಿನಲ್ಲಿ ತುಂಬಿ ಉಸಿರಿನ ಜೊತೆ ಕೊಟ್ಟರೆ ಆಯ್ತಲ್ವಾ ಅಂತ ಕೇಳಿದ್ದೀರಿ. ಅದೇ ಆಸೆಯಿಂದ 1993ರಲ್ಲೇ ಸರಿಯಾದ ಜೀನ್ ತುಂಬಿದ ಅಡಿನೋವೈರಸ್ (ನೆಗಡಿ ತರುವ ವೈರಸ್ಸುಗಳಲ್ಲಿ ಒಂದು ಬಗೆ) ಕೊಟ್ಟು ನೋಡಿದ್ದರು. ಜೀನ್ ಪತ್ತೆಯಾಗಿ ಆಗಿನ್ನೂ ನಾಲ್ಕೇ ವರ್ಷ. ಫಲ ಮಾತ್ರ ಅಷ್ಟಕ್ಕಷ್ಟೆ.

ನೆಗಡಿ ವೈರಸ್ಸಿಗೆ ಒಂದೆರಡು ಜೀವಕೋಶ ಸಿಕ್ಕಿದರೂ ಸಾಕು, ಅಲ್ಲೇ ಬೆಳೆದು ಪಕ್ಕಕ್ಕೆ ಹರಡುತ್ತದೆ. ಚಿಕಿತ್ಸೆಯ ವೈರಸ್ಸಿಗೆ ಬೆಳೆಯುವ ಶಕ್ತಿಯನ್ನೇ ತೆಗೆದಿರುತ್ತಾರೆ. ಹಾಗಾಗಿ ಎಷ್ಟು ಜೀವಕೋಶಕ್ಕೆ ಜೀನ್ ಬೇಕೋ ಅಷ್ಟಕ್ಕೂ ನಾವೇ ತಲುಪಿಸಬೇಕು.

ನಾನು ಲ್ಯಾಬಿನಲ್ಲಿ ಶ್ವಾಸನಾಳದ ಜೀವಕೋಶ ಬೆಳೆಸುತ್ತೇನೆ. ತೆಳು ಪೊರೆಯ ಮೇಲೆ ಜೀವಕೋಶ, ಕೆಳಗೆ ಪೋಷಕ ದ್ರವ, ಮೇಲೆ ಬರೀ ಗಾಳಿ. ಕೆಲವು ವಾರ ಬಿಟ್ಟರೆ ಲೋಳೆ ಬರುತ್ತದೆ, ಸಿಲಿಯಾ ಅನ್ನುವ ಕೂದಲಿನಂಥ ಎಳೆಗಳು ಬಡಿಯುವುದು ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಹಸಿರು ಹೊಳೆಯುವ ಜೀನ್ ಇಟ್ಟ ಅಡಿನೋವೈರಸ್ಸನ್ನು ಮೇಲಿನಿಂದ ಹಾಕಿದರೆ ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ. ಅದನ್ನೇ ಕೆಳಗಿನಿಂದ ಕೊಟ್ಟರೆ ತುಂಬಾ ಜಾಸ್ತಿ. ಲೋಳೆ ತಡೆಯುತ್ತದೆ ಅನ್ನುವುದು ನಿಜ, ಆದರೆ ಮುಖ್ಯ ಕಾರಣ ಬೇರೆ: ಒಳಗೆ ಹೋಗಲು ಈ ವೈರಸ್ ಹಿಡಿದುಕೊಳ್ಳುವ ಪ್ರೋಟೀನ್, ಅಂದರೆ ರಿಸೆಪ್ಟರ್, ಹೆಚ್ಚಾಗಿ ಇರುವುದು ಜೀವಕೋಶದ ಪಕ್ಕ ಮತ್ತು ತಳದಲ್ಲಿ, ಅಕ್ಕಪಕ್ಕದ ಜೀವಕೋಶಗಳನ್ನು ಸೇರಿಸುವ ಬಿಗಿಯಾದ ಬೆಸುಗೆಗಳ ಕೆಳಗೆ. ಸುಮ್ನೆ ಡೋಸ್ ಏರಿಸಿದರೆ ಉರಿಯೂತ ಬರುತ್ತದೆ, ಅಷ್ಟೇ.

ಒಂದು ಉಪಾಯ, ಆ ಬೆಸುಗೆಗಳನ್ನು ಸ್ವಲ್ಪ ಹೊತ್ತು ಸಡಿಲ ಮಾಡುವುದು. ಲೈಸೋಫಾಸ್ಫಟಿಡೈಲ್‌ಕೋಲಿನ್ ಅನ್ನುವ ಕೊಬ್ಬಿನಂಥ ವಸ್ತುವನ್ನು ಮೊದಲು ಹಾಕಿದರೆ ವೈರಸ್ ಚೆನ್ನಾಗಿ ಇಳಿಯುತ್ತದೆ, ಪ್ರಾಣಿಗಳಲ್ಲಿ ಇದನ್ನು ತೋರಿಸಿದ್ದಾರೆ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಶ್ವಾಸಕೋಶದಲ್ಲಿ ಮೊದಲೇ ಬ್ಯಾಕ್ಟೀರಿಯಾ ಮನೆ ಮಾಡಿರುತ್ತವೆ, ಅಂಥ ಕಡೆ ಬೆಸುಗೆ ಸಡಿಲಿಸುವುದು ಅಂದರೆ ನನಗೆ ಅಳುಕು.

ವೈರಸ್ಸಿನ ಹೊದಿಕೆಯನ್ನೇ ಬದಲಿಸುವುದು ನನಗೆ ಜಾಸ್ತಿ ಇಷ್ಟ. ಇಲಿಗಳಿಗೆ ಉಸಿರಾಟದ ಕಾಯಿಲೆ ತರುವ ಸೆಂಡೈ ವೈರಸ್ ಅಂತ ಒಂದಿದೆ, ಅದು ಮೇಲಿನಿಂದಲೇ ಒಳಗೆ ಹೋಗುತ್ತದೆ. ಅದರ ಹೊರಗಿನ ಪ್ರೋಟೀನುಗಳನ್ನು ಲೆಂಟಿವೈರಸ್ಸಿಗೆ (ಎಚ್‌ಐವಿ ಗುಂಪಿನ ವೈರಸ್) ತೊಡಿಸಿ ಬ್ರಿಟನ್ನಿನ ತಂಡವೊಂದು ಬಹಳ ಕಾಲದಿಂದ ಕೆಲಸ ಮಾಡಿದೆ. ಎಎವಿ (ಅಡಿನೋ-ಅಸೋಸಿಯೇಟೆಡ್ ವೈರಸ್) ಅನ್ನುವ ಇನ್ನೊಂದು ಪುಟ್ಟ ವೈರಸ್ಸಿನ ಕವಚವನ್ನೂ ಹೀಗೆ ತಿದ್ದುತ್ತಿದ್ದಾರೆ, ಆದರೆ ಅದರಲ್ಲಿ ಜಾಗ ಕಡಿಮೆ: ಹಿಡಿಸುವುದು ಸುಮಾರು 4,700 ಡಿಎನ್‌ಎ ಅಕ್ಷರ, ಈ ಕಾಯಿಲೆಯಲ್ಲಿ ಕೆಟ್ಟಿರುವ ಸಿಎಫ್‌ಟಿಆರ್ ಜೀನಿನಲ್ಲಿ ಪ್ರೋಟೀನಿಗೆ ಬೇಕಾದ ಭಾಗವೇ 4,400ಕ್ಕಿಂತ ಹೆಚ್ಚು, ಜೀನನ್ನು ಚಾಲೂ ಮಾಡುವ ಭಾಗಗಳಿಗೆ ಜಾಗ ಹೆಚ್ಚೇನೂ ಉಳಿಯುವುದಿಲ್ಲ.

ಒಳಗೆ ಹೋದ ಮೇಲೂ ಒಂದು ತೊಡಕಿದೆ. ಮೇಲ್ಪದರದ ಜೀವಕೋಶಗಳು ಸವೆದು ಉದುರುತ್ತವೆ, ಜೀನೂ ಅವುಗಳ ಜೊತೆ ಹೋಗುತ್ತದೆ. ಹೊಸವನ್ನು ಹುಟ್ಟಿಸುವುದು ತಳದ ಬೇಸಲ್ ಜೀವಕೋಶಗಳು. ಅವುಗಳಿಗೆ ತಲುಪದಿದ್ದರೆ ಮತ್ತೆ ಮತ್ತೆ ಕೊಡಬೇಕು, ಆಗ ಎಎವಿಯನ್ನು ದೇಹದ ಆ್ಯಂಟಿಬಾಡಿಗಳೇ ತಡೆದುಬಿಡಬಹುದು. ಲೆಂಟಿವೈರಸ್ ಜೀನನ್ನು ಕ್ರೋಮೋಸೋಮಿಗೇ ಸೇರಿಸುತ್ತದೆ, ಹಾಗಾಗಿ ಬೇಸಲ್ ಜೀವಕೋಶಕ್ಕೆ ಸಿಕ್ಕಿದರೆ ಅದರಿಂದ ಹುಟ್ಟುವ ಜೀವಕೋಶಗಳಿಗೂ ಬರುತ್ತದೆ. ತಪ್ಪು ಜಾಗದಲ್ಲಿ ಸೇರಿದರೆ ಕ್ಯಾನ್ಸರಿನ ಅಪಾಯ ಇದೆಯಾ ಅಂತ ವರ್ಷಗಟ್ಟಲೆ ಕಾದು ನೋಡಬೇಕಾಗಿರುವುದೂ ಅದಕ್ಕೇ.