ಸಂವಿಧಾನ ಒಪ್ಪಿದ್ದು ನವೆಂಬರ್ 26ಕ್ಕೆ, ಗಣರಾಜ್ಯೋತ್ಸವ ಮಾತ್ರ ಜನವರಿ 26ಕ್ಕೆ ಯಾಕೆ?

ಹಳೆಯ ಒಂದು ತಾರೀಖನ್ನು ಉಳಿಸಿಕೊಳ್ಳಬೇಕು ಅಂತ, ಅಷ್ಟೇ.

1929ರ ಡಿಸೆಂಬರ್ ಕೊನೆಯಲ್ಲಿ ಲಾಹೋರಿನಲ್ಲಿ ನೆಹರು ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅರೆಬರೆ ಅಧಿಕಾರ ಸಾಕಾಗಲ್ಲ, ಪೂರ್ಣ ಸ್ವರಾಜ್ಯವೇ ಬೇಕು ಅಂತ ತೀರ್ಮಾನಿಸಿ, ಮಧ್ಯರಾತ್ರಿ ರಾವಿ ನದಿ ದಂಡೆಯಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಊರೂರಲ್ಲಿ ಜನ ಸೇರಿ ಪ್ರತಿಜ್ಞೆ ಮಾಡೋಕೆ ಜನವರಿಯ ಕೊನೆ ಭಾನುವಾರ ಗೊತ್ತುಮಾಡಿದರು. 1930ರಲ್ಲಿ ಅದು ಬಿದ್ದದ್ದು 26ಕ್ಕೆ. ಆಮೇಲೆ ವಾರ ಯಾವುದೇ ಇರಲಿ, 1947ರವರೆಗೆ ಜನವರಿ 26ನ್ನೇ ಸ್ವಾತಂತ್ರ್ಯ ದಿನ ಅಂತ ಆಚರಿಸುತ್ತಿದ್ದರು.

ಆದರೆ ನಿಜವಾಗಿ ಸ್ವಾತಂತ್ರ್ಯ ಬಂದದ್ದು ಆಗಸ್ಟ್ 15ಕ್ಕೆ. ಆ ದಿನ ಆರಿಸಿದ್ದು ಮೌಂಟ್‌ಬ್ಯಾಟನ್, ಎರಡು ವರ್ಷದ ಹಿಂದೆ ಜಪಾನ್ ಶರಣಾದ ದಿನ ಅನ್ನೋ ಕಾರಣಕ್ಕೆ! ಹಾಗಾಗಿ ನಮ್ಮವರೇ ಆರಿಸಿದ್ದ ದಿನ ಸುಮ್ನೆ ಖಾಲಿ ಉಳಿಯಿತು ಅಲ್ವಾ. 1949ರ ನವೆಂಬರ್ 26ಕ್ಕೆ ಸಂವಿಧಾನ ಅಂಗೀಕಾರವಾದಾಗ ಪೌರತ್ವ, ಚುನಾವಣೆ ಥರದ ಕೆಲವು ವಿಧಿಗಳು ಅವತ್ತೇ ಜಾರಿಗೆ ಬಂದವು, ಉಳಿದದ್ದನ್ನು ಎರಡು ತಿಂಗಳು ತಡೆದು 1950ರ ಜನವರಿ 26ಕ್ಕೆ ಜಾರಿ ಮಾಡಿದರು. ಇದು 394ನೇ ವಿಧಿಯಲ್ಲೇ ಇದೆ, ಬೇಕಾದರೆ ತೆಗೆದು ನೋಡಿ.

ನಮ್ಮ ಕಡೆ ಈ ದಿನಕ್ಕೆ ಇನ್ನೊಂದು ನೆನಪೂ ಇದೆ. ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಇದು ಕಾಕತಾಳೀಯ, ಲಾಹೋರಿನ ತೀರ್ಮಾನಕ್ಕೂ ಅದಕ್ಕೂ ಸಂಬಂಧ ಇಲ್ಲ.